ಗುಮ್ಮ, ಹುಲಿ ಮತ್ತು ಪಿಕ್ಸಾರ್

'ಇನ್‌ಸೈಡ್ ಔಟ್ 2' ತೆರೆಗೆ ಬಂದಿದ್ದು 2024ರ ಜೂನ್‌ನಲ್ಲಿ. ಜಗತ್ತಿನಾದ್ಯಂತ 150 ಕೋಟಿ ಡಾಲರಿಗೂ ಮೀರಿ ಗಳಿಸಿದ ಈ ಆನಿಮೇಷನ್ ಸಿನಿಮಾ ನಮ್ಮ ಅಪಾರ್ಟ್‌ಮೆಂಟಿನ ವಾಟ್ಸಾಪ್ ಗ್ರೂಪುಗಳಲ್ಲಿ ಬರೀ ಸಿನಿಮಾ ಆಗಿ ಉಳಿಯಲಿಲ್ಲ, ಮನೆಮದ್ದಾಯಿತು. "ಮಕ್ಕಳಿಗೆ ತೋರಿಸಿ, ಆಂಕ್ಸೈಟಿ ಅಂದ್ರೇನು ಅಂತ ಅವರಿಗೇ ಗೊತ್ತಾಗುತ್ತೆ" ಅಂತ ಒಬ್ಬರು. "ನಮ್ಮವಳು ಈಗ ತನ್ನ ಫೀಲಿಂಗ್ಸ್‌ಗೆಲ್ಲ ಹೆಸರಿಟ್ಟು ಹೇಳ್ತಾಳೆ" ಅಂತ ಇನ್ನೊಬ್ಬರು. ಮಲ್ಟಿಪ್ಲೆಕ್ಸಿನ ಎಸ್ಕಲೇಟರಿನಲ್ಲಿ ನನ್ನ ಮುಂದೆ ನಿಂತಿದ್ದ ತಾಯಿಯೊಬ್ಬರು ಏಳೆಂಟು ವರ್ಷದ ಮಗನನ್ನು ಕೇಳುತ್ತಿದ್ದರು: "ಈಗ ಅರ್ಥ ಆಯ್ತಲ್ಲ? ನಾಳೆ ಸ್ವಿಮ್ಮಿಂಗ್ ಕ್ಲಾಸಲ್ಲಿ ಅಳಲ್ಲ ಅಲ್ವಾ ಪುಟ್ಟ?"

ಅವರನ್ನು ಆಡಿಕೊಳ್ಳೋದಕ್ಕೆ ಇದನ್ನು ಹೇಳ್ತಿಲ್ಲ. ಅಳುವ ಮಗುವನ್ನು ದಿನಾ ಬೆಳಿಗ್ಗೆ ನೀರಿಗಿಳಿಸುವ ಕಷ್ಟ ಏನು ಅಂತ ಇಳಿಸಿದವರಿಗೇ ಗೊತ್ತು. ಆದರೆ ಆ ಒಂದು ಪ್ರಶ್ನೆಯಲ್ಲಿ, ನಾವು ಈ ಸಿನಿಮಾದಿಂದ ಏನು ಬಯಸಿದ್ವಿ ಅನ್ನೋದು ಪೂರ್ತಿ ಇತ್ತು. ಮಗುವಿಗೆ ಭಯ ಆಗಬಾರದು ಅಂತಲ್ಲ, ಅದರ ಸದ್ದು ನಮಗೆ ಕೇಳಬಾರದು ಅಂತ. ಹಾಗಾಗಿ ಮಕ್ಕಳ ಭಯದ ಬಗ್ಗೆ ಇರುವ ಕತೆಯೋ ಹಾಡೋ ಸಿನಿಮಾವೋ ಎದುರಾದರೆ ನಾನು ಅದಕ್ಕೆ ಹಾಕುವ ಪ್ರಶ್ನೆ ಒಂದೇ: ಇದು ಮಗುವಿನ ಭಯದ ಪಕ್ಕ ಕೂರುತ್ತಾ, ಇಲ್ಲಾ ಮಗುವನ್ನು ಸುಮ್ಮನಾಗಿಸೋಕೆ ನೋಡುತ್ತಾ?

ಈ ಅಳತೆಯಲ್ಲಿ 2015ರ ಮೊದಲ 'ಇನ್‌ಸೈಡ್ ಔಟ್' ದೊಡ್ಡ ಸಿನಿಮಾ. ಕತೆ ಗೊತ್ತಲ್ಲ: ಹನ್ನೊಂದು ವರ್ಷದ ರೈಲಿ ಮಿನೆಸೊಟಾದಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಬರ್ತಾಳೆ. ಅಪ್ಪನ ಹೊಸ ಸ್ಟಾರ್ಟಪ್, ದುಡ್ಡು ಹಾಕುವವರು ಸಿಗ್ತಾ ಇಲ್ಲ, ಸಾಮಾನಿನ ಲಾರಿ ದಾರಿತಪ್ಪಿದೆ. (ಬೆಂಗಳೂರಿಗೆ ಹೊಸದಾಗಿ ಬಂದು ಖಾಲಿ ಫ್ಲಾಟಿನಲ್ಲಿ ಪ್ಯಾಕರ್ಸಿನವರ ದಾರಿ ಕಾದವರಿಗೆ ಇದೆಲ್ಲ ವಿವರಿಸಬೇಕಿಲ್ಲ.) ರಾತ್ರಿ ಅಮ್ಮ ಮಗಳ ಕೋಣೆಗೆ ಬರ್ತಾಳೆ. ಅಪ್ಪನಿಗೆ ತುಂಬಾ ಒತ್ತಡ ಇದೆ, ನೀನೂ ನಾನೂ ನಗ್ತಾ ಇದ್ರೆ ಅವರಿಗೆ ಸಹಾಯ ಆಗುತ್ತೆ ಅಂತಾಳೆ. ಎಷ್ಟು ಪ್ರೀತಿಯಿಂದ ಅಂತಾಳೆ ಅಂದರೆ, ಮೊದಲ ಸಲ ನೋಡುವಾಗ ಅದು ಒಳ್ಳೆಯ ಅಮ್ಮನ ಮಾತು ಅಂತಲೇ ಅನ್ನಿಸುತ್ತೆ. ಗದರಿಕೆ ಇಲ್ಲ, ಹೊಡೆತ ಇಲ್ಲ, ಒಂದು ಮುತ್ತು, ಗುಡ್ ನೈಟ್. ಆದರೆ ಮುಂದಿನ ಅನಾಹುತಕ್ಕೆಲ್ಲ ಬೀಜ ಅಲ್ಲೇ ಬೀಳೋದು. ದುಃಖಕ್ಕೆ ಈ ಮನೆಯಲ್ಲಿ ಸದ್ಯಕ್ಕೆ ಜಾಗ ಇಲ್ಲ ಅಂತ ಮಗುವಿಗೆ ಗೊತ್ತಾಗಿಬಿಡುತ್ತೆ.

ಮಗುವಿನ ತಲೆಯೊಳಗಿನ ಜಾಯ್ ಕೂಡ ಅದನ್ನೇ ಮಾಡ್ತಾಳೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ವೃತ್ತ ಬರೆದು, ಇದರಾಚೆ ಕಾಲಿಡಬೇಡ ಅಂತ ಸ್ಯಾಡ್‌ನೆಸ್‌ಳನ್ನು ನಿಲ್ಲಿಸ್ತಾಳೆ. ಆಮೇಲೆ ಬರುತ್ತೆ ನೋಡಿ, ನನ್ನ ಲೆಕ್ಕದಲ್ಲಿ ಇಡೀ ಸಿನಿಮಾದ ಜೀವ ಇರುವ ದೃಶ್ಯ. ರೈಲಿಯ ಬಾಲ್ಯದ ಕಲ್ಪನೆಯ ಗೆಳೆಯ ಬಿಂಗ್ ಬಾಂಗ್‌ನ ಆಟದ ಗಾಡಿ ಮರೆವಿನ ಗುಂಡಿಗೆ ಬಿದ್ದುಹೋಗುತ್ತೆ. ಅವನು ಕುಸಿದು ಕೂರ್ತಾನೆ. ಜಾಯ್ ಕಚಗುಳಿ ಇಡ್ತಾಳೆ, ಮುಖ ಸೊಟ್ಟ ಮಾಡ್ತಾಳೆ, ಬಾ ಆಟ ಆಡೋಣ ಅಂತಾಳೆ. ಊಹೂಂ. ಸ್ಯಾಡ್‌ನೆಸ್ ಬಂದು ಪಕ್ಕದಲ್ಲಿ ಕೂತು, ನಿನಗೆ ಇಷ್ಟವಾದ ವಸ್ತು ಹೋಯ್ತಲ್ಲ ಅಂತಷ್ಟೇ ಅಂತಾಳೆ. ಅವನು ಅತ್ತು, ಕಣ್ಣೊರೆಸಿಕೊಂಡು, ಎದ್ದು ನಡೀತಾನೆ. ಜಾಯ್‌ಗೆ ಅರ್ಥವೇ ಆಗಲ್ಲ: ನೀನು ಮಾಡಿದ್ದಾದರೂ ಏನು?

ಈ ಎರಡು ನಿಮಿಷವನ್ನು ನಮ್ಮ ಶಿಶುಗೀತೆಗಳ ಪಕ್ಕ ಇಟ್ಟು ನೋಡಿದರೆ ಸ್ವಲ್ಪ ಇರುಸುಮುರುಸಾಗುತ್ತೆ. ಜಿ.ಪಿ. ರಾಜರತ್ನಂ ಅವರ ಕಸ್ತೂರಿಯ ತುತ್ತೂರಿಯೂ ನೀರಿಗೇ ಬೀಳೋದು. ಬಣ್ಣ ಹೋಗಿ, ದನಿ ಕೆಟ್ಟು, ಹುಡುಗ ಗೋಳಾಡೋ ಹೊತ್ತಿಗೆ ನಾವೆಲ್ಲ ಕೈತಟ್ಟಿ ನಗ್ತೀವಿ, ಯಾಕಂದರೆ ಅವನು ಜಂಭ ಕೊಚ್ಚಿದ್ದನಲ್ಲ. ರಾಜರತ್ನಂ ಅವರ ಲಯಕ್ಕೆ ನಾನು ಈಗಲೂ ತಲೆಬಾಗ್ತೀನಿ, ಆ ಪದ್ಯ ನಾಲಿಗೆಯಿಂದ ಇಳಿಯೋದೇ ಇಲ್ಲ. ಆದರೆ ಆಟದ ಸಾಮಾನು ಕಳಕೊಂಡ ಮಗುವಿನ ಪಕ್ಕ ಕೂರೋಕೆ ಅಲ್ಲಿ ಯಾರೂ ಬರಲ್ಲ.

ಅದಕ್ಕಿಂತ ಹಳೆಯ, ಅದಕ್ಕಿಂತ ತೀಕ್ಷ್ಣವಾದ ಸಾಕ್ಷಿ ಪುರಂದರದಾಸರದು. 'ಗುಮ್ಮನ ಕರೆಯದಿರೆ' ಗೊತ್ತಿಲ್ಲದ ಕನ್ನಡದ ಮನೆ ಕಡಿಮೆ. ಕಛೇರಿಯ ಕೊನೆಯಲ್ಲಿ ಇದನ್ನು ಹಾಡಿದರೆ ಸಭೆಯ ಮುಖದಲ್ಲೆಲ್ಲ ಮುಗುಳ್ನಗೆ, ಕೃಷ್ಣ ಎಷ್ಟು ಮುದ್ದು ಅಂತ. ಒಂದು ಸಲ ರಾಗ ಬಿಟ್ಟು ಬರೀ ಮಾತನ್ನು ಓದಿ. ಹೆದರಿದ ಮಗುವೊಂದು ಅಮ್ಮನ ಮುಂದೆ ಒಪ್ಪಂದಕ್ಕೆ ನಿಂತಿದೆ. ಸುಮ್ಮನಿರ್ತೀನಿ, ಮೊಲೆಹಾಲು ಕೇಳಲ್ಲ, ಅನ್ನ ಉಣ್ತೀನಿ, ಮಕ್ಕಳನ್ನು ಹೊಡೆಯಲ್ಲ, ಅಣ್ಣನನ್ನು ಬೈಯಲ್ಲ, ಮಣ್ಣು ತಿನ್ನಲ್ಲ, ಬಾವಿ ಹತ್ತಿರ ಹೋಗಲ್ಲ. ಈ ಪಟ್ಟಿಯ ಮಧ್ಯೆ ಸದ್ದಿಲ್ಲದೆ ಇನ್ನೊಂದು ಸೇರಿದೆ: ಅಳುವುದಿಲ್ಲ. ಮಣ್ಣು ತಿನ್ನೋದು ತಪ್ಪು, ಬಾವಿಗೆ ಬಗ್ಗೋದು ಅಪಾಯ, ಸರಿ. ಅಳೋದು ಇವುಗಳ ಸಾಲಿಗೆ ಬಂದಿದ್ದು ಹೇಗೆ? ಮಗು ತನ್ನ ಅಳುವನ್ನು ತಾನೇ ಅಪರಾಧಗಳ ಪಟ್ಟಿಗೆ ಸೇರಿಸಿಕೊಂಡಿದೆ. ಇದನ್ನು ದಾಸರು ಐದು ಶತಮಾನದ ಹಿಂದೆ ಕೇಳಿಸಿಕೊಂಡರು ಅನ್ನೋದು ನನಗೆ ಇವತ್ತಿಗೂ ಬೆರಗು. ಕೊನೆಯ ಚರಣದಲ್ಲಿ ಯಶೋದೆ ನಕ್ಕು ಬಿಗಿದಪ್ಪಿಕೊಳ್ತಾಳೆ. ನಿಜ. ಆದರೆ ಗುಮ್ಮನನ್ನು ಕರೆಯೋದಾಗಿ ಹೆದರಿಸಿದ್ದವಳೂ ಅವಳೇ. ಹಾಡು ಅದನ್ನೂ ಮುಚ್ಚಿಡಲ್ಲ, ಮುಚ್ಚಿಡೋದು ನಮ್ಮ ಮುಗುಳ್ನಗೆ.

ಗುಮ್ಮ ಈಗ ವೇಷ ಬದಲಿಸಿದ್ದಾನೆ ಅಷ್ಟೆ. ಪೊಲೀಸ್ ಮಾಮ ಬರ್ತಾನೆ, ಡಾಕ್ಟರ್ ಸೂಜಿ ಚುಚ್ತಾರೆ, ಮಿಸ್‌ಗೆ ಹೇಳ್ತೀನಿ ಅನ್ನೋದು ಓದಿದ ಮನೆಗಳಲ್ಲಿ ಕಡಿಮೆಯಾಗಿದೆ. ಅದರ ಜಾಗಕ್ಕೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ ಭಾವನೆಗಳ ಚಾರ್ಟು ಬಂದಿದೆ: ಹಳದಿ ಮುಖ ಖುಷಿ, ನೀಲಿ ಮುಖ ಬೇಜಾರು, ಕೇಸರಿ ಮುಖ ಆತಂಕ. ಮಗು ಅಳ್ತಾ ಬಂದರೆ "ಯಾವ ಕಲರ್ ಹೇಳು", ಆಮೇಲೆ "ಡೀಪ್ ಬ್ರೆತ್ ತಗೋ, ಐದು ಎಣಿಸು". ಚಾರ್ಟಾಗಲಿ ಉಸಿರಾಗಲಿ ಕೆಟ್ಟದ್ದಲ್ಲ, ಮಕ್ಕಳ ಮನೋವೈದ್ಯರೂ ಇವನ್ನೆಲ್ಲ ಬಳಸ್ತಾರೆ. ತೊಂದರೆ ಇರೋದು ಅದನ್ನು ಕೊಡುವ ಧಾವಂತದಲ್ಲಿ. ಹತ್ತೂವರೆಗೆ ಸ್ಟ್ಯಾಂಡಪ್ ಮೀಟಿಂಗ್ ಇದೆ, ಹತ್ತು ಇಪ್ಪತ್ತೈದಕ್ಕೆ ಮಗು ಅಳ್ತಿದೆ. ಆಗ ಐದು ಎಣಿಸು ಅನ್ನೋದು ಬಹಳ ಸಲ "ಬೇಗ ಮುಗಿಸು" ಅನ್ನೋದರ ಸಭ್ಯ ರೂಪ.

ಇಲ್ಲೊಂದು ಮಾತು, ವಿಷಯದಿಂದ ಸ್ವಲ್ಪ ಆಚೆ ಅನ್ನಿಸಬಹುದು. ಕನ್ನಡದಲ್ಲಿ ಭಯ ಅನ್ನೋದು ನಮಗೆ 'ಆಗುವ' ಸಂಗತಿ. "ನನಗೆ ಭಯ ಆಗ್ತಿದೆ" ಅಂತೀವಿ, ಮಳೆ ಬರ್ತಿದೆ ಅಂದ ಹಾಗೆ. ಬಂದದ್ದು ಹೋಗುತ್ತೆ ಅನ್ನೋ ಸೂಚನೆ ಆ ವಾಕ್ಯದಲ್ಲೇ ಇದೆ. ಜತೆಗೆ ಮೈಗೆ ಅಂಟಿದ ಪದಗಳು ರಾಶಿ ಇವೆ: ಎದೆ ಡವಡವ, ಪುಕಪುಕ, ಹೊಟ್ಟೆ ತೊಳಸೋದು, ದಿಗಿಲು, ಕಳವಳ. ಮಕ್ಕಳ ಆತಂಕ ಮೊದಲು ಕಾಣಿಸಿಕೊಳ್ಳೋದೂ ಮೈಯಲ್ಲೇ. ಸೋಮವಾರ ಬೆಳಿಗ್ಗೆ ಬಂದು ಭಾನುವಾರ ಇರದ ಆ ಹೊಟ್ಟೆನೋವು ಎಲ್ಲ ಅಪ್ಪ ಅಮ್ಮಂದಿರಿಗೂ ಪರಿಚಿತ. ಅದು ನಾಟಕ ಅಲ್ಲ, ಹೊಟ್ಟೆ ನಿಜವಾಗಿಯೂ ನೋಯ್ತಿರುತ್ತೆ. ಇಷ್ಟು ಒಳ್ಳೆಯ ವ್ಯಾಕರಣ ಇಟ್ಟುಕೊಂಡು ನಾವು ಮಾಡೋದೇನು? ಮಗು "ಭಯ ಆಗ್ತಿದೆ" ಅಂದರೆ "ಎಷ್ಟು ಪುಕ್ಕಲು ನೀನು" ಅಂತೀವಿ. ನೆಂಟರ ಮುಂದೆ "ಇವನು ಸ್ವಲ್ಪ ಪುಕ್ಕಲ ಕಣ್ರೀ" ಅಂತೀವಿ. ಅದಕ್ಕೆ ಆಗ್ತಿದ್ದದ್ದನ್ನು ನಾವು ಅದರ ಹೆಸರು ಮಾಡಿಬಿಡ್ತೀವಿ.

ಎರಡನೇ 'ಇನ್‌ಸೈಡ್ ಔಟ್' ಇಟ್ಟಿರೋ ಬೊಟ್ಟು ಸರಿಯಾಗಿ ಇದರ ಮೇಲೇ, ಅದಕ್ಕೇ ಅದನ್ನು ಸುಲಭವಾಗಿ ತಳ್ಳಿಹಾಕೋಕಾಗಲ್ಲ. ರೈಲಿಗೆ ಈಗ ಹದಿಮೂರು. ತಲೆಯೊಳಗೆ ಆಂಕ್ಸೈಟಿ ತನ್ನ ಸೂಟ್‌ಕೇಸುಗಳ ಸಮೇತ ಬಂದು ಇಳೀತಾಳೆ, ಜತೆಗೆ ಹೊಟ್ಟೆಕಿಚ್ಚು, ಮುಜುಗರ, ಬೇಸರ. ನೆನಪುಗಳ ಎಳೆಗಳಿಂದ ರೈಲಿಯೊಳಗೆ "ನಾನು ಒಳ್ಳೆಯವಳು" ಅನ್ನೋ ನಂಬಿಕೆ ಬೆಳೆದಿದ್ದ ಜಾಗದಲ್ಲಿ ಆಂಕ್ಸೈಟಿ ಹೊಸ ಎಳೆಗಳನ್ನು ಕಟ್ತಾಳೆ. ಅದರಿಂದ ಹೊರಡುವ ದನಿ: ನಾನು ಸಾಲದು. ಪುಕ್ಕಲ, ದಡ್ಡ, ಸೋಮಾರಿ ಅಂತ ನಾವು ಮಾತಿನ ಓಘದಲ್ಲಿ ಎಸೆಯೋ ಪದಗಳು ಎಲ್ಲಿಗೆ ಹೋಗಿ ಕೂರುತ್ತವೆ ಅಂತ ಇಷ್ಟು ಕಣ್ಣಿಗೆ ಕಟ್ಟುವ ಹಾಗೆ ಬೇರೆ ಸಿನಿಮಾ ತೋರಿಸಿದ್ದು ನಾನಂತೂ ನೋಡಿಲ್ಲ.

ಇನ್ನೊಂದು ದೃಶ್ಯಕ್ಕೆ ಥಿಯೇಟರಿನಲ್ಲಿ ಮಕ್ಕಳಿಗಿಂತ ದೊಡ್ಡವರೇ ಜೋರಾಗಿ ನಕ್ಕರು. ಮಾರನೆಯ ದಿನದ ಹಾಕಿ ಆಟದಲ್ಲಿ ಏನೆಲ್ಲ ಕೆಟ್ಟದ್ದಾಗಬಹುದು ಅಂತ ಚಿತ್ರ ಬರೆಯೋಕೆ ಆಂಕ್ಸೈಟಿ ಒಂದು ಹಾಲ್ ತುಂಬ ಚಿತ್ರಕಾರರನ್ನು ಸಾಲು ಸಾಲು ಮೇಜಿಗೆ ಕೂರಿಸಿರ್ತಾಳೆ. ಮಧ್ಯರಾತ್ರಿ, ಮೇಲೆ ದೊಡ್ಡ ಪರದೆಯಲ್ಲಿ ಮೇಲ್ವಿಚಾರಕಿ. ರಿಲೀಸ್ ಹಿಂದಿನ ರಾತ್ರಿಯ ಆಫೀಸನ್ನು ನೋಡಿದ ಯಾರಿಗಾದರೂ ಆ ಹಾಲ್ ಗುರುತು ಸಿಗುತ್ತೆ.

ಹಾಗಾದರೆ ತಕರಾರೇನು? ಸಿನಿಮಾದ ಎತ್ತರದ ಗಳಿಗೆ ಅಂದರೆ ರೈಲಿಗೆ ಪ್ಯಾನಿಕ್ ಅಟ್ಯಾಕ್ ಆಗೋದು. ಆಟದ ಮಧ್ಯೆ ಶಿಕ್ಷೆಯ ಬಾಕ್ಸಿನಲ್ಲಿ ಕೂತ ಹುಡುಗಿಗೆ ಉಸಿರು ಸಿಕ್ಕಲ್ಲ. ಒಳಗೆ ಆಂಕ್ಸೈಟಿ ಕೇಸರಿ ಸುಂಟರಗಾಳಿಯಾಗಿ ಸುತ್ತುತ್ತಿದ್ದಾಳೆ. ಸುಂಟರಗಾಳಿಯ ನಡುವೆ ಅವಳು ಕಲ್ಲಿನಂತೆ ನಿಂತಿದ್ದಾಳೆ, ಕಣ್ಣಲ್ಲಿ ನೀರು. ನಿಲ್ಲಿಸಬೇಕು ಅಂತ ಅವಳಿಗೂ ಇದೆ, ಆಗ್ತಿಲ್ಲ. ಮಕ್ಕಳ ಸಿನಿಮಾದಲ್ಲಿ ಇಷ್ಟು ನಿಖರವಾಗಿ ಇದನ್ನು ತೋರಿಸಿದ್ದಕ್ಕೆ ಕೈಮುಗೀಬೇಕು. ಆದರೆ ಅವಳನ್ನು ಅಲ್ಲಿಂದ ಎತ್ತಿದ್ದು ಯಾರು? ಅವಳ ತಲೆಯೊಳಗಿನ ಜಾಯ್. ರೈಲಿ ಬೆಂಚಿನ ಮರವನ್ನು ಕೈಯಲ್ಲಿ ಹಿಡಿದು, ಬೆಳಕು ನೋಡಿ, ತಾನೇ ಉಸಿರಿಗೆ ಮರಳ್ತಾಳೆ. ಆಮೇಲೆ ಗೆಳತಿಯರು ಬರ್ತಾರೆ, ಅದು ಚೆನ್ನಾಗಿದೆ. ದೊಡ್ಡವರು ಯಾರೂ ಬರಲ್ಲ. ಕ್ಯಾಂಪಿನಲ್ಲಿ ಕೋಚ್ ಇದ್ದಾರೆ, ಅವರು ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಳ್ಳೋ ದೊಡ್ಡವರು. ಅಪ್ಪ ಅಮ್ಮ ಊರಲ್ಲಿ.

ಮೊದಲ ಸಿನಿಮಾದ ಕೊನೆ ನೆನಪಿದೆಯಲ್ಲ? ಬಸ್ ಇಳಿದು ಓಡಿಬಂದ ರೈಲಿ, ನಿಮಗೆ ನಾನು ಖುಷಿಯಾಗಿರಬೇಕು, ಆದರೆ ನನಗೆ ನಮ್ಮೂರು ಬೇಕು ಅಂತ ಅಳ್ತಾಳೆ. ಅಪ್ಪ ಸಮಾಧಾನ ಹೇಳಲ್ಲ, ನನಗೂ ಊರು ನೆನಪಾಗುತ್ತೆ ಅಂತಾನೆ. ಹುಡುಗಿಯ ಭಾರ ಇಳಿಯೋದು ಆ ಮಾತಿಗೆ. ಎರಡನೇ ಸಿನಿಮಾದಲ್ಲಿ ಆ ಮಾತನ್ನು ಆಡೋರೇ ಇಲ್ಲ. ಹದಿಹರೆಯ ಅಂದ್ರೆ ಹಾಗೇ ಕಣ್ರೀ, ಅಪ್ಪ ಅಮ್ಮನ್ನ ಹತ್ತಿರ ಬಿಟ್ಕೊಳ್ಳಲ್ಲ ಅಂತ ನೀವು ಹೇಳಬಹುದು. ಒಪ್ತೀನಿ. ಹಾಗಿದ್ದೂ, ಮಕ್ಕಳು ತಮ್ಮ ತಲೆಯೊಳಗಿನ ಕಂಟ್ರೋಲ್ ರೂಮನ್ನು ತಾವೇ ನಡೆಸಿಕೊಳ್ಳಬಲ್ಲ ಪುಟ್ಟ ಮ್ಯಾನೇಜರುಗಳು ಅನ್ನೋ ಕಲ್ಪನೆ ನಮಗೆ ಎಷ್ಟು ಹಿತ ಅಂತ ಯೋಚನೆ ಮಾಡಿ. ಈ ಭಾಗ ವಾಟ್ಸಾಪ್ ಗ್ರೂಪಿನಲ್ಲಿ ಮನೆಮದ್ದಾಗೋಕೆ, ಮೊದಲನೆಯದು ಅಷ್ಟಾಗಿ ಆಗದೇ ಇರೋಕೆ ಕಾರಣ ಅದೇ ಅಂತ ನನ್ನ ಗುಮಾನಿ. ಮೊದಲನೆಯದು ನಮ್ಮನ್ನು ಬದಲಾಗು ಅನ್ನುತ್ತೆ. ಎರಡನೆಯದು ಮಗುವಿಗೆ ಹೇಳಿಕೊಟ್ಟರೆ ಸಾಕು ಅನ್ನುತ್ತೆ, ಅಥವಾ ನಾವು ಹಾಗೆ ಕೇಳಿಸಿಕೊಳ್ತೀವಿ.

ಪಕ್ಕ ಕೂರುವ ದೊಡ್ಡವರು ಹೇಗಿರ್ತಾರೆ ಅಂತ ನೋಡೋಕೆ ನನಗೆ ಸಿಗೋ ಅತ್ಯುತ್ತಮ ಕೃತಿ, ನಗಬೇಡಿ, ಪುಣ್ಯಕೋಟಿಯ ಹಾಡು. ಶಾಲೆಯಲ್ಲಿ ನಮಗೆ ಅದನ್ನು ಸತ್ಯದ ಪಾಠ ಅಂತ ಕಲಿಸಿದರು, ಹಸು ಕೊಟ್ಟ ಮಾತಿಗೆ ತಪ್ಪಲಿಲ್ಲ ಅಂತ ಬರೆದರೆ ಅಂಕ. ಕರುವಿನ ಕಡೆಯಿಂದ ಕೇಳಿದರೆ ಅದು ಬೇರೆಯೇ ಹಾಡು. ಅಮ್ಮ ಹೋಗ್ತಾಳೆ, ಬರಲ್ಲ: ಪುಟ್ಟ ಮಗುವಿನ ಎಲ್ಲ ಭಯಗಳ ತಾಯಿಬೇರು ಅದು. ಎಂಟೊಂಬತ್ತು ತಿಂಗಳಿಗೆ ಶುರುವಾಗಿ, ಎರಡು ಮೂರು ವರ್ಷದವರೆಗೆ ಎಲ್ಲ ಮಕ್ಕಳನ್ನೂ ಕಾಡೋದು.

ಪುಣ್ಯಕೋಟಿ ಆಗ ಮಾಡೋ ಮೂರು ಕೆಲಸ ಗಮನಿಸಿ. ಒಂದು, ಕಣ್ತಪ್ಪಿಸಿ ಹೋಗಲ್ಲ. ಮಗು ಆಟದಲ್ಲಿ ಮುಳುಗಿದಾಗ ಚಪ್ಪಲಿ ಕೈಯಲ್ಲಿ ಹಿಡಕೊಂಡು ಸದ್ದಿಲ್ಲದೆ ಬಾಗಿಲು ಎಳೆದುಕೊಳ್ಳೋ ನಮ್ಮ ಉಪಾಯ ಅವಳಿಗೆ ಗೊತ್ತಿಲ್ಲ. (ಆ ಉಪಾಯದಿಂದ ಆ ದಿನದ ಅಳು ತಪ್ಪುತ್ತೆ, ಮಾರನೆಯ ದಿನದಿಂದ ಮಗು ನಮ್ಮ ಸೆರಗು ಬಿಡಲ್ಲ.) ಎರಡು, ಹುಲಿ ಇದೆ ಅಂತಲೇ ಹೇಳ್ತಾಳೆ, ಏನೂ ಇಲ್ಲ ಪುಟ್ಟ ಅನ್ನಲ್ಲ. ಮೂರನೆಯದು ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತೆ: ಕರು ಇನ್ನು ನಾನು ಯಾರ ಹಾಲು ಕುಡೀಲಿ, ಯಾರ ಪಕ್ಕ ಮಲಗಲಿ ಅಂತ ಕೇಳುತ್ತೆ. ಅವಳು ಆ ಪ್ರಶ್ನೆಯನ್ನು ಜಾಣ ಮಾತಿನಲ್ಲಿ ಮುಚ್ಚಲ್ಲ. ಕೊಟ್ಟಿಗೆಯ ಉಳಿದ ಹಸುಗಳನ್ನು ಕರೆದು, ಇದನ್ನು ನಿಮ್ಮದೇ ಕರು ಅಂದುಕೊಳ್ಳಿ, ಹಾಯಬೇಡಿ, ಒದೆಯಬೇಡಿ ಅಂತ ಒಪ್ಪಿಸ್ತಾಳೆ. ಭಯವನ್ನು ಸುಳ್ಳು ಮಾಡೋಕೆ ಅವಳ ಕೈಲಾಗಲ್ಲ. ಭಯದ ಪಕ್ಕ ಯಾರಿರ್ತಾರೆ ಅನ್ನೋ ಏರ್ಪಾಡು ಮಾಡ್ತಾಳೆ.

ಈ ಹಸುವಿನ ಮೇಲೆ ಸಿಟ್ಟು ಬರೋರಿದ್ದಾರೆ, ಮಗುವಿಗಿಂತ ಹುಲಿಗೆ ಕೊಟ್ಟ ಮಾತು ಹೆಚ್ಚಾಯ್ತಾ ಅಂತ. ನನಗೂ ಒಮ್ಮೊಮ್ಮೆ ಬರುತ್ತೆ. ಆ ಸಿಟ್ಟಿಗೂ ಹಾಡಿನಲ್ಲಿ ಜಾಗ ಇದೆ, ಕರುವಿನ ಪ್ರಶ್ನೆ ಅಷ್ಟು ಮೊನಚಾಗಿದೆ.

ಹಳೆಯ ಹಾಡು ಬಿಡಿ, ಈಗಿನ ವಿಜ್ಞಾನ ಏನನ್ನುತ್ತೆ ಅನ್ನೋರಿಗೆ ಒಂದು ಸಂಗತಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಎಲಿ ಲೆಬೊವಿಟ್ಜ್ ಮತ್ತು ಸಂಗಡಿಗರು ಆತಂಕದ ಕಾಯಿಲೆ ಇದ್ದ 7ರಿಂದ 14 ವರ್ಷದ 124 ಮಕ್ಕಳ ಮೇಲೆ ಅಧ್ಯಯನ ನಡೆಸಿದರು. ಒಂದು ಗುಂಪಿನ ಮಕ್ಕಳಿಗೇ ಸಿಬಿಟಿ ಅನ್ನೋ ಹೆಸರಾದ ಥೆರಪಿ ಕೊಟ್ಟರು. ಇನ್ನೊಂದು ಗುಂಪಿನಲ್ಲಿ ಥೆರಪಿಗೆ ಬಂದದ್ದು ಅಪ್ಪ ಅಮ್ಮ ಮಾತ್ರ. 2020ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ ಎರಡನೇ ಗುಂಪಿನ ಮಕ್ಕಳ ಸುಧಾರಣೆ ಮೊದಲನೆಯವರಿಗಿಂತ ಕಡಿಮೆ ಇರಲಿಲ್ಲ. ಅಪ್ಪ ಅಮ್ಮ ಕಲಿತದ್ದಾದರೂ ಏನು? ಒಂದು, ಮಗುವಿನ ಭಯ ಕಂಡ ತಕ್ಷಣ ದಾರಿಯ ಕಲ್ಲೆಲ್ಲ ಎತ್ತಿಡೋದನ್ನು ನಿಧಾನಕ್ಕೆ ಕಡಿಮೆ ಮಾಡೋದು. ಮಗುವಿನ ಪರವಾಗಿ ತಾವೇ ಮಾತಾಡೋದು, ಏನಾಗಲ್ಲ ಏನಾಗಲ್ಲ ಅಂತ ಇಪ್ಪತ್ತು ಸಲ ಹೇಳೋದು, ಇಂಥವು. ಇನ್ನೊಂದು, ಎರಡು ಮಾತನ್ನು ಒಟ್ಟಿಗೆ ಹೇಳೋದು: ನಿನಗೆ ಕಷ್ಟ ಆಗ್ತಿದೆ ಅಂತ ಗೊತ್ತು, ನೀನು ಇದನ್ನು ತಾಳ್ಕೋತೀಯ ಅಂತಲೂ ಗೊತ್ತು. ಪಕ್ಕ ಕೂರೋದು ಅಂದರೆ ಮಗುವನ್ನು ಮಡಿಲಲ್ಲಿ ಅಡಗಿಸಿಕೊಳ್ಳೋದು ಅಂತ ಅಂದುಕೊಂಡವರು ಈ ಎರಡನೇ ಮಾತನ್ನು ಮರೀಬಾರದು. ಸ್ವಿಮ್ಮಿಂಗ್ ಕ್ಲಾಸು ಬಿಡಿಸೋದಲ್ಲ, ಅಳ್ತಾನೇ ನೀರಿಗಿಳಿದರೂ ಪರವಾಗಿಲ್ಲ ಅನ್ನೋದು.

ಸಿನಿಮಾ, ಹಾಡು ಎರಡಕ್ಕೂ ಮಿತಿ ಇದೆ ಅನ್ನೋದನ್ನೂ ಹೇಳಿಬಿಡ್ತೀನಿ. ವಾರಗಟ್ಟಲೆ ಮಗು ಶಾಲೆಗೆ ಹೋಗ್ತಿಲ್ಲ, ನಿದ್ದೆ ಊಟ ಕೆಟ್ಟಿದೆ, ಬದುಕೋದೇ ಬೇಡ ಅನ್ನೋ ಥರ ಮಾತಾಡ್ತಿದೆ ಅಂದರೆ ಪಿಕ್ಸಾರೂ ಬೇಡ, ಪುಣ್ಯಕೋಟಿಯೂ ಬೇಡ, ಮಕ್ಕಳ ಮನೋವೈದ್ಯರನ್ನು ನೋಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೂ ದಾರಿ ಹೇಳ್ತಾರೆ, ಕನ್ನಡದಲ್ಲೇ ಮಾತಾಡಬಹುದು.

ಉಳಿದ ದಿನಗಳಿಗೆ ನನ್ನ ಶಿಫಾರಸು ಇಷ್ಟು. ಐದಾರು ವರ್ಷದವರಿಗೆ ಎರಡನೇ 'ಇನ್‌ಸೈಡ್ ಔಟ್' ಅವಸರವಿಲ್ಲ, ಹಾಕಿ ಕ್ಯಾಂಪಿನ ಆ ಸಂಕಟ ಅವರದ್ದಲ್ಲ. ಮೊದಲನೆಯದನ್ನು ಜತೆಗೆ ಕೂತು ನೋಡಿ. ಗಾಡಿ ಕಳಕೊಂಡ ಬಿಂಗ್ ಬಾಂಗ್ ಅಳುವಾಗ ಮಗು ನಿಮ್ಮ ಮುಖ ನೋಡುತ್ತೆ, ಆಗ ಫೋನ್ ಕೆಳಗಿರಲಿ. ಪುಣ್ಯಕೋಟಿ ಹಾಡೋದಾದರೆ ಕರುವಿನ ಪ್ರಶ್ನೆಗಳನ್ನು ಹಾರಿಸಿ ಹುಲಿಗೆ ಓಡಬೇಡಿ. ಹುಲಿ ಪ್ರಾಣ ಬಿಟ್ಟ ಮೇಲೂ ಹಾಡು ಸ್ವಲ್ಪ ಇದೆ, ಅದನ್ನೂ ಬಿಡಬೇಡಿ. ಹಸು ಕೊಟ್ಟಿಗೆಗೆ ವಾಪಸ್ ಬಂದು ಮೊದಲು ಕರುವಿಗೆ ಹಾಲು ಕುಡಿಸುತ್ತೆ.